ಜಿಟಿ ಮಾರಣ್ಣ, ಬೈಕ್ ತಗೋ

ನಮ್ಮ ಕ್ಯಾಂಪಸ್ಸಲ್ಲಿ ಎರಡು ಪಾರ್ಟಿ ಇದೆ. ಕೆಲಸ ಸಿಕ್ಕಿದ ತಕ್ಷಣ ಒಂದು ಫಾಸ್ಟ್ ಕಾರ್ ತಗೋಬೇಕು ಅನ್ನೋರು ಒಂದು ಕಡೆ, ಏನೇ ಆದ್ರೂ ಬೈಕೇ ಅನ್ನೋರು ಇನ್ನೊಂದು ಕಡೆ. ಪಾರ್ಕಿಂಗಲ್ಲಿ, ಕ್ಯಾಂಟೀನಲ್ಲಿ, ಲ್ಯಾಬಲ್ಲಿ ರೀಡಿಂಗ್ ಬರೆಯುವಾಗ ಕೂಡ ಇದೇ ಜಗಳ. ಇಬ್ಬರೂ ಮಾತಾಡೋದು ಹಾರ್ಸ್‌ಪವರ್, ಟಾರ್ಕ್, ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡ್ ಅಂತ. ಇದನ್ನ ಯಾವ ರಸ್ತೆಯಲ್ಲಿ ಓಡಿಸ್ತೀಯ ಗುರು ಅಂತ ಕೇಳಿದ್ರೆ ಮಾತ್ರ ಯಾರ ಹತ್ರಾನೂ ಉತ್ತರ ಇರಲ್ಲ. ನನಗೆ ಅದೇ ಮುಖ್ಯವಾದ ಪ್ರಶ್ನೆ ಅನ್ಸುತ್ತೆ.

ಇದಕ್ಕೊಂದು ಉದಾಹರಣೆ ನಮ್ಮ ಮನೆಯಲ್ಲೇ ಇದೆ. ನಮ್ಮ ದೊಡ್ಡಪ್ಪನ ಮಗ ನನಗಿಂತ ಒಂಬತ್ತು ವರ್ಷ ದೊಡ್ಡವನು. ಮನೆ ಚನ್ನಪಟ್ಟಣದ ಪಕ್ಕದ ಹಳ್ಳಿ, ಕೆಲಸ ಬೆಂಗಳೂರಲ್ಲಿ. ಇಂಜಿನಿಯರಿಂಗ್ ಓದುವಾಗ ಅವನ ಹತ್ರ ಪಲ್ಸರ್ 150 ಇತ್ತು. ಕೆಲಸ ಸಿಕ್ಕಿ ಎರಡು ವರ್ಷಕ್ಕೆ ಅದನ್ನ ಮಾರಿ ಸೆಕೆಂಡ್ ಹ್ಯಾಂಡ್ ಪೋಲೋ ಜಿಟಿ ಟಿಎಸ್‌ಐ ತಗೊಂಡ. 1.2 ಲೀಟರ್ ಟರ್ಬೊ ಪೆಟ್ರೋಲ್ ಇಂಜಿನ್, 105 ಪಿಎಸ್ ಪವರ್, 175 ನ್ಯೂಟನ್ ಮೀಟರ್ ಟಾರ್ಕ್. ಸುಳ್ಳು ಹೇಳಬಾರದು, ಒಳ್ಳೆ ಗಾಡಿ. ಆಕ್ಸಿಲರೇಟರ್ ಒತ್ತಿದ್ರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತೆ. ಆದ್ರೆ ಈಗ ಅವನಿಗೆ ಮತ್ತೆ ಬೈಕ್ ಹುಚ್ಚು ಹತ್ತಿದೆ. ಕಾರ್ ಇಟ್ಕೊಳ್ಳೋದಾ, ಮಾರಿ ಬೈಕಿಗೆ ವಾಪಸ್ ಹೋಗೋದಾ ಅಂತ ಯುಗಾದಿಯಿಂದ ತಲೆ ಕೆಡಿಸ್ಕೊಂಡಿದ್ದಾನೆ. ತಂಗಿ ಮದುವೆ ಮುಂದಿದೆ, ಎರಡನ್ನೂ ಇಟ್ಕೊಳ್ಳೋಷ್ಟು ದುಡ್ಡಿಲ್ಲ. ದೊಡ್ಡಮ್ಮನಿಗೆ ಬೈಕ್ ಅಂದ್ರೆ ಭಯ. ಅಜ್ಜಿಯನ್ನ ತಿಂಗಳಿಗೊಂದು ಸಲ ಮಂಡ್ಯದ ಆಸ್ಪತ್ರೆಗೆ ಕರ್ಕೊಂಡು ಹೋಗೋದು ಇದೇ ಕಾರಲ್ಲಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಜಿಟಿ ಮಾರಬೇಕು. ನಮ್ಮ ಜಿಲ್ಲೆಯಲ್ಲಿ ಫಾಸ್ಟ್ ಕಾರಿಗೆ ಕೆಲಸ ಇಲ್ಲ. ಬೈಕಿಗೆ ಕೆಲಸ ಇದೆ, ಆದ್ರೆ ಅದನ್ನೂ ಫಾಸ್ಟಾಗಿ ಓಡಿಸೋಕೆ ಅಲ್ಲ. ಯಾಕೆ ಅಂತ ಒಂದೊಂದಾಗಿ ಹೇಳ್ತೀನಿ.

ಮೊದಲು ಕಾರಿನ ರಸ್ತೆ ನೋಡೋಣ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. ಒಟ್ಟು 118 ಕಿ.ಮೀ., ಬಿಡದಿ, ರಾಮನಗರ, ಚನ್ನಪಟ್ಟಣಕ್ಕೆಲ್ಲ ಬೈಪಾಸ್. ಫಾಸ್ಟ್ ಕಾರ್ ಇರೋರಿಗೆ ಹಬ್ಬ ಅಂತ ಎಲ್ಲರೂ ಅಂದುಕೊಂಡ್ರು. ಆಮೇಲೆ ಒಂದರ ಹಿಂದೆ ಒಂದು ಅಪಘಾತ ಆದಾಗ ಪೊಲೀಸರು ಸ್ಪೀಡ್ ಗನ್ ಹಿಡ್ಕೊಂಡು ನಿಂತ್ರು, ಆಮೇಲೆ ಕ್ಯಾಮೆರಾಗಳು ಬಂದವು. ಈಗ ಅಲ್ಲಿ ಲಿಮಿಟ್ ಗಂಟೆಗೆ 100 ಕಿ.ಮೀ. 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ 130 ದಾಟಿದವರ ಮೇಲೆ ಎಫ್‌ಐಆರ್ ಹಾಕೋದು ಶುರುವಾಯ್ತು. ಪಾಸ್‌ಪೋರ್ಟ್ ವೆರಿಫಿಕೇಶನ್ ಕನಸು ಕಾಣ್ತಿರೋ ಇಂಜಿನಿಯರಿಗೆ ಎಫ್‌ಐಆರ್ ಅಂದ್ರೆ ಏನು ಅಂತ ನಾನು ಹೇಳಬೇಕಿಲ್ಲ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಎಕ್ಸ್‌ಪ್ರೆಸ್‌ವೇಯ ಮೊದಲ ಭಾಗ ಬೆಂಗಳೂರಿಂದ ನಿಡಘಟ್ಟದವರೆಗೆ 56 ಕಿ.ಮೀ. ನೂರರಲ್ಲಿ ಹೋದ್ರೆ 33 ನಿಮಿಷ 36 ಸೆಕೆಂಡ್, 140ರಲ್ಲಿ ಹೋದ್ರೆ 24 ನಿಮಿಷ. ಉಳಿದದ್ದು ಹತ್ತು ನಿಮಿಷ ಕೂಡ ಅಲ್ಲ. ಆ ಹತ್ತು ನಿಮಿಷವನ್ನ ಕೆಂಗೇರಿ ದಾಟೋದರೊಳಗೆ ಬೆಂಗಳೂರು ಟ್ರಾಫಿಕ್ ಬಡ್ಡಿ ಸಮೇತ ವಾಪಸ್ ತಗೊಳ್ಳುತ್ತೆ. ಇದಕ್ಕೆ ಕೊಡೋ ಬೆಲೆ ಏನು? ಕೈನೆಟಿಕ್ ಎನರ್ಜಿ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತೆ ಅಂತ ಪಿಯುಸಿಯಲ್ಲೇ ಓದಿದ್ದೀವಿ. 1.4ರ ವರ್ಗ 1.96. ಅಂದ್ರೆ ವೇಗ ನಲವತ್ತು ಪರ್ಸೆಂಟ್ ಜಾಸ್ತಿ ಆದ್ರೆ ಗುದ್ದಿನ ಶಕ್ತಿ ಹತ್ತಿರ ಹತ್ತಿರ ಎರಡು ಪಟ್ಟು. ಒಣಗಿದ ರಸ್ತೆಯಲ್ಲಿ ಪ್ರತಿ ಸೆಕೆಂಡಿಗೂ ವೇಗ ಸೆಕೆಂಡಿಗೆ 7 ಮೀಟರ್‌ನಷ್ಟು ಇಳಿಯುತ್ತೆ ಅಂತ ಇಟ್ಕೊಂಡ್ರೆ, ನೂರರಿಂದ ನಿಲ್ಲೋಕೆ ಬ್ರೇಕಿಗೆ 55 ಮೀಟರ್ ಬೇಕು, 140ರಿಂದ 108 ಮೀಟರ್. ಬ್ರೇಕ್ ಒತ್ತಬೇಕು ಅಂತ ಹೊಳೆಯೋಕೆ ಒಂದು ಸೆಕೆಂಡ್ ಸೇರಿಸಿದ್ರೆ 83 ಮತ್ತು 147. ಮಧ್ಯದ 64 ಮೀಟರಲ್ಲಿ ಕೆಟ್ಟು ನಿಂತ ಲಾರಿ ಇದ್ರೆ ಮುಂದಿನ ಲೆಕ್ಕ ಆಸ್ಪತ್ರೆಯವರು ಮಾಡ್ತಾರೆ.

ನೂರರ ಲಿಮಿಟ್ ಇರೋ ರಸ್ತೆಯಲ್ಲಿ ಯಾವ ಸಾಮಾನ್ಯ ಕಾರಾದ್ರೂ ನೂರರಲ್ಲಿ ಹೋಗುತ್ತೆ. ಹಳೇ ವ್ಯಾಗನ್‌ಆರ್ ಕೂಡ ಹೋಗುತ್ತೆ. ಹಾಗಾದ್ರೆ ಜಿಟಿಯ ಮಿಕ್ಕ ಪವರ್ ಯಾವುದಕ್ಕೆ? ಓವರ್‌ಟೇಕಿಗೆ ಅನುಕೂಲ ಅಂತ ಅಣ್ಣ ಹೇಳ್ತಾನೆ. ಮೂರು ಲೇನ್ ಇರೋ ರಸ್ತೆಯಲ್ಲಿ ಎದುರಿಂದ ಯಾರೂ ಬರಲ್ಲ, ಅಲ್ಲಿ ಓವರ್‌ಟೇಕಿಗೆ ಟರ್ಬೊ ಯಾಕೆ ಅಂತ ನಾನು ಕೇಳಿದ್ದಕ್ಕೆ ನಕ್ಕು ಸುಮ್ಮನಾದ.

ಎಕ್ಸ್‌ಪ್ರೆಸ್‌ವೇ ಬಿಟ್ಟು ಇಳಿದ್ರೆ ನಮ್ಮ ನಿಜವಾದ ಜಿಲ್ಲೆ ಶುರುವಾಗುತ್ತೆ. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕು ಸೇರಿ ಆದ ಜಿಲ್ಲೆ ಇದು. ಕಾಗದದ ಮೇಲೆ 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರು ಬದಲಾಗಿದೆ, ರಸ್ತೆಗಳು ಬದಲಾಗಿಲ್ಲ. ಮಾಗಡಿಯಿಂದ ಸಾವನದುರ್ಗದ ಕಡೆ, ಮಂಚನಬೆಲೆ ಕಡೆ, ಚನ್ನಪಟ್ಟಣದಿಂದ ಕಣ್ವ ಡ್ಯಾಮ್ ಕಡೆ, ಕನಕಪುರದಿಂದ ಸಂಗಮದ ಕಡೆ ಹೋಗಿ ನೋಡಿ. ಬಂಡೆ, ಮಾವಿನ ತೋಪು, ತಿರುವು, ಹಂಪ್, ಮತ್ತೆ ತಿರುವು. ಸುಗ್ಗಿ ಕಾಲದಲ್ಲಿ ಅರ್ಧ ರಸ್ತೆಗೆ ರಾಗಿ, ಹುರುಳಿ ಹರಡಿರ್ತಾರೆ. ಕನಕಪುರ, ಚನ್ನಪಟ್ಟಣದ ಕಾಡಂಚಲ್ಲಿ ಕತ್ತಲಾದ ಮೇಲೆ ಆನೆ ಕೂಡ ರಸ್ತೆ ದಾಟುತ್ತೆ. ಆನೆಗೆ ನಮ್ಮ ಸೊನ್ನೆಯಿಂದ ನೂರರ ಟೈಮಿಂಗ್ ಗೊತ್ತಿಲ್ಲ. ಈ ರಸ್ತೆಗಳಲ್ಲಿ ಜಿಟಿ ಬಹುಪಾಲು ಮೂರನೇ ಗೇರಲ್ಲೇ ಇರುತ್ತೆ. ನಲವತ್ತು, ಐವತ್ತರಲ್ಲಿ ಹೋಗುವ ಬೈಕಿಗೆ ಇದೇ ರಸ್ತೆ ಹೇಳಿ ಮಾಡಿಸಿದ ಹಾಗಿದೆ. ಗಾಳಿ, ಮಣ್ಣಿನ ವಾಸನೆ, ಪಕ್ಕದ ಹೊಲದವರು ಯಾವೂರು ಮಗ ಅಂತ ಕೇಳೋದು, ಇವೆಲ್ಲ ಗಾಜು ಏರಿಸಿದ ಕಾರಿನೊಳಗೆ ಬರಲ್ಲ.

ನಮ್ಮ ಕಡೆ ಬೈಕ್ ಅಂದ್ರೆ ಬರೀ ಶೋಕಿ ಅಂತ ತಿಳ್ಕೋಬೇಡಿ. ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಬೆಳಿಗ್ಗೆ ಹೋಗಿ ನಿಂತ್ರೆ ಗೊತ್ತಾಗುತ್ತೆ. ಗೂಡಿನ ಚೀಲ ಕಟ್ಟಿಕೊಂಡು ಬೈಕಲ್ಲಿ ಬರೋ ರೈತರು ಎಷ್ಟು ಜನ! ಹಾಲಿನ ಕ್ಯಾನ್ ಡೈರಿಗೆ ಹೋಗೋದು ಟಿವಿಎಸ್ ಎಕ್ಸ್‌ಎಲ್‌ನಲ್ಲಿ. ನಮ್ಮ ದೊಡ್ಡಪ್ಪನ ಹತ್ರ ಒಂದು ಕಾಲದಲ್ಲಿ ಯಮಹಾ ಆರ್‌ಎಕ್ಸ್ 100 ಇತ್ತು, ಅದರಲ್ಲೇ ಗೂಡು ಸಾಗಿಸ್ತಿದ್ರು. 98 ಸಿಸಿ, 11 ಹಾರ್ಸ್‌ಪವರ್, ಸುಮಾರು 100 ಕೆಜಿ ತೂಕ. ಕೆಜಿಗೆ 0.11 ಹಾರ್ಸ್‌ಪವರ್ ಆಯ್ತು. ಸುಮಾರು 1100 ಕೆಜಿಯ ಜಿಟಿಗೆ 0.095. ಕಾಗದದ ಮೇಲೆ ದೊಡ್ಡಪ್ಪನ ಆರ್‌ಎಕ್ಸ್ ಗೆಲ್ಲುತ್ತೆ! ಆದ್ರೆ 70 ಕೆಜಿಯ ದೊಡ್ಡಪ್ಪ ಹತ್ತಿ ಕೂತ ತಕ್ಷಣ ಆರ್‌ಎಕ್ಸ್ 0.065ಕ್ಕೆ ಇಳಿಯುತ್ತೆ, ಜಿಟಿ 0.09ರಲ್ಲೇ ನಿಲ್ಲುತ್ತೆ. ಬೈಕಲ್ಲಿ ಓಡಿಸೋನ ಮೈ ಕೂಡ ಗಾಡಿಯ ಒಂದು ಭಾಗ ಅಂತ ಈ ಲೆಕ್ಕವೇ ಹೇಳುತ್ತೆ. ಬಿದ್ದಾಗಲೂ ಅದೇ ಮಾತು. ಅದಕ್ಕೆ ಮುಂದೆ ಬರ್ತೀನಿ.

ಇದರಲ್ಲಿ ಒಂದು ಸಣ್ಣ ಇತಿಹಾಸ ಕೂಡ ಇದೆ. ಇದೇ ಹೆದ್ದಾರಿಯ ಮೈಸೂರು ತುದಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ, ಆಮೇಲೆ ಯೆಜ್ಡಿ ಬೈಕ್ ಮಾಡ್ತಿತ್ತು. 1996ರಲ್ಲಿ ಮುಚ್ಚಿತು. 1985ರಲ್ಲಿ ಶುರುವಾದ ಆರ್‌ಎಕ್ಸ್ 100 ಕೂಡ ಅದೇ 1996ರಲ್ಲಿ ನಿಂತಿತು. ಮಾರನೇ ವರ್ಷ, 1997ರಲ್ಲಿ, ಟೊಯೋಟಾ ಕಿರ್ಲೋಸ್ಕರ್ ಕಂಪನಿ ಆಯ್ತು. 2000ರಲ್ಲಿ ಅದರ ಬಿಡದಿ ಫ್ಯಾಕ್ಟರಿಯ ಕ್ವಾಲಿಸ್ ಮಾರ್ಕೆಟ್ಟಿಗೆ ಬಂತು. ಒಂದೇ ರಸ್ತೆಯ ಒಂದು ಕಡೆ ಬೈಕ್ ಕಾರ್ಖಾನೆ ಬಾಗಿಲು ಹಾಕಿದ ನಾಲ್ಕೇ ವರ್ಷಕ್ಕೆ ಇನ್ನೊಂದು ಕಡೆಯಿಂದ ಕಾರ್ ಹೊರಗೆ ಬಂತು. ಕೊನೆಗೆ 2023ರ ಆಗಸ್ಟ್ 1ರಿಂದ ಆ ರಸ್ತೆಯ ಮುಖ್ಯ ಲೇನ್‌ಗಳಿಂದಲೇ ಬೈಕ್, ಆಟೋ, ಟ್ರ್ಯಾಕ್ಟರನ್ನ ಹೊರಗೆ ಹಾಕಿದ್ರು.

ಆ ನಿಷೇಧ ತಪ್ಪು ಅಂತ ನಾನು ಹೇಳಲ್ಲ. ನೂರರಲ್ಲಿ ಹೋಗೋ ಕಾರುಗಳ ಮಧ್ಯೆ ಐವತ್ತರ ಎಕ್ಸ್‌ಎಲ್ ಇರಬಾರದು, ಅದು ಎಕ್ಸ್‌ಎಲ್ ಓಡಿಸೋರ ಜೀವಕ್ಕೇ ಒಳ್ಳೇದು. ಆದ್ರೆ ಹೊರಗೆ ಹಾಕಿದ ಮೇಲೆ ಸರ್ವಿಸ್ ರಸ್ತೆ ಸರಿಯಾಗಿರಬೇಕಲ್ವಾ? ಅಪ್ಪನ ಹಳೇ ಸ್ಪ್ಲೆಂಡರಲ್ಲಿ ಕಾಲೇಜಿಗೆ ಬರೋ ನನಗೆ ಅದರ ಒಂದೊಂದು ಗುಂಡಿಯೂ ಪರಿಚಯ. ರಾಂಗ್ ಸೈಡಲ್ಲಿ ಬರೋ ಟ್ರ್ಯಾಕ್ಟರ್, ಲೈಟ್ ಇಲ್ಲದ ತಿರುವು, ಮಳೆ ಬಂದ್ರೆ ಕೆರೆ ಆಗೋ ಅಂಡರ್‌ಪಾಸ್ ಎಲ್ಲ ಅಲ್ಲಿವೆ. ಕಾರಿನವರಿಗೆ ಮೂರು ಲೇನ್ ಕೊಟ್ಟ ಮೇಲೆ ಗೂಡು ಸಾಗಿಸೋ ರೈತನಿಗೆ, ಕಾಲೇಜಿಗೆ ಬರೋ ಹುಡುಗ ಹುಡುಗಿಯರಿಗೆ ಒಂದು ನೇರವಾದ, ದೀಪ ಇರೋ ರಸ್ತೆ ಕೇಳೋದು ದುರಾಸೆ ಅಲ್ಲ. ಬೈಕಿನ ಪರ ಬರೆಯೋ ನಾವು ಸೈಲೆನ್ಸರ್ ಬಗ್ಗೆ ರೀಲ್ಸ್ ಮಾಡೋ ಬದಲು ಇದನ್ನ ಕೇಳಬೇಕು.

ಈಗ ದೊಡ್ಡಮ್ಮನ ಮಾತಿಗೆ ಬರೋಣ, ಯಾಕಂದ್ರೆ ಅವರ ಭಯ ಸುಳ್ಳಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಪ್ರಕಾರ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ. ಅದರಲ್ಲಿ ಶೇ. 44ಕ್ಕಿಂತ ಹೆಚ್ಚು ಜನ ದ್ವಿಚಕ್ರ ವಾಹನದ ಮೇಲಿದ್ದವರು. ಆ ವರ್ಷ ಹೆಲ್ಮೆಟ್ ಹಾಕದೆ ಸತ್ತವರೇ 50,000 ದಾಟುತ್ತಾರೆ. ಕಾರಿಗೆ ಏರ್‌ಬ್ಯಾಗ್ ಇದೆ, ಸೀಟ್‌ಬೆಲ್ಟ್ ಇದೆ, ಸುತ್ತ ಸ್ಟೀಲ್ ಇದೆ. ಬೈಕಲ್ಲಿ ಮೊದಲು ನೆಲಕ್ಕೆ ತಾಗೋದು ನಮ್ಮ ಮೈ. ಬೈಕ್ ಸೇಫ್ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಬೈಕ್ ಪಾರ್ಟಿಯವರು ಈ ನಂಬರ್ ಬಂದಾಗ ವಿಷಯ ಬದಲಾಯಿಸ್ತಾರೆ, ಅದು ನನಗೆ ಇಷ್ಟ ಆಗಲ್ಲ.

ಹಾಗಿದ್ರೂ ಬೈಕ್ ತಗೋ ಅಂತ ಯಾಕೆ ಹೇಳ್ತಿದ್ದೀನಿ? ನಮ್ಮಣ್ಣ ಬೈಕ್ ಕೇಳ್ತಿರೋದು ಆಫೀಸಿಗೆ ಹೋಗೋಕಲ್ಲ, ಅದಕ್ಕೆ ಟ್ರೇನ್ ಇದೆ, ಮೆಟ್ರೋ ಇದೆ. ಅವನಿಗೆ ಬೇಕಿರೋದು ಭಾನುವಾರ ಬೆಳಿಗ್ಗೆ ಮಾಗಡಿ ಕಡೆ, ಕನಕಪುರ ಕಡೆ ನಾಲ್ಕು ಗಂಟೆ ಸುತ್ತೋದು. ಕಂಪ್ಯೂಟರ್ ಮುಂದೆ ಐದು ದಿನ ಕೂತ ಮೇಲೆ ತಾನೇ ಏನೋ ನಡೆಸ್ತಿದ್ದೀನಿ ಅಂತ ಅನ್ನಿಸಬೇಕಂತೆ. ಜಿಟಿಯಲ್ಲಿ ಆ ಫೀಲಿಂಗ್ ಬರೋದು 120 ದಾಟಿದ ಮೇಲೆ. ಬೈಕಲ್ಲಿ ಐವತ್ತರಲ್ಲೇ ಬರುತ್ತೆ. ಒಬ್ಬ ಮನುಷ್ಯನಿಗೆ ಖುಷಿ ಬೇಕೇ ಬೇಕು ಅಂದ್ರೆ ಅದು 120ರಲ್ಲಿ ಸಿಗೋದಕ್ಕಿಂತ 50ರಲ್ಲಿ ಸಿಗೋದು ವಾಸಿ. ಅವನ ಜೀವಕ್ಕೆ ಮಾತ್ರ ಅಲ್ಲ, ಎದುರು ಸಿಗೋರ ಜೀವಕ್ಕೂ. ಮೊದಲಿನ ಲೆಕ್ಕವನ್ನೇ ಹಾಕಿದ್ರೆ ಐವತ್ತರಿಂದ ನಿಲ್ಲೋಕೆ ಬ್ರೇಕಿಗೆ ಬೇಕಾದ ದೂರ 14 ಮೀಟರ್.

ಅಂದ್ರೆ ಬೈಕಿಗೆ ವಾಪಸ್ ಬರೋದಾದ್ರೆ ನಿಧಾನಕ್ಕೆ ಓಡಿಸೋನಾಗಿ ಬರಬೇಕು. ಆರು ವರ್ಷ ಬಿಟ್ಟು ಹತ್ತೋರಿಗೆ ಕೈ ಕಾಲು ಹಳೇದು ಮರೆತಿರುತ್ತೆ, ಮನಸ್ಸಿಗೆ ಮಾತ್ರ ಇನ್ನೂ ಹತ್ತೊಂಬತ್ತು ವರ್ಷ. ಅಣ್ಣನ ಹಳೇ ಪಲ್ಸರಿಗೆ ಎಬಿಎಸ್ ಇರಲಿಲ್ಲ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಬೈಕಿಗೆ ಅದು ಕಡ್ಡಾಯ, ಆದ್ದರಿಂದ ಅದಕ್ಕಿಂತ ಹಳೇ ಗಾಡಿ ಮುಟ್ಟಬಾರದು. ಐಎಸ್‌ಐ ಫುಲ್ ಫೇಸ್ ಹೆಲ್ಮೆಟ್, ಗ್ಲೌಸ್, ಗಟ್ಟಿ ಶೂ ಬೇಕು. ರಾತ್ರಿ ಸವಾರಿ ಬೇಡ. ರಸ್ತೆ ಮೇಲೆ ಹುಲ್ಲು ಹರಡಿದ್ರೆ ಇಳಿದು ತಳ್ಳಿಕೊಂಡು ಹೋದ್ರೂ ಮರ್ಯಾದೆ ಹೋಗಲ್ಲ. ಇದಕ್ಕೆ ಒಪ್ಪದವನು ಬೈಕೂ ತಗೋಬಾರದು, ಜಿಟಿಯನ್ನೂ ಇಟ್ಕೋಬಾರದು.

ಅಜ್ಜಿ ಪ್ರಶ್ನೆ ಉಳೀತು. ಮಂಡ್ಯಕ್ಕೆ ಅಜ್ಜಿಯನ್ನ ಬೈಕಲ್ಲಿ ಕೂರಿಸಿಕೊಂಡು ಹೋಗೋಕಾಗಲ್ಲ. ಮನೆಗೆ ಕಾರ್ ಬೇಕು, ನಿಜ. ಆದ್ರೆ ಅಜ್ಜಿಗೆ 105 ಪಿಎಸ್ ಬೇಕಿಲ್ಲ. ಜಿಟಿಯ ಸೀಟ್ ತಗ್ಗು, ಹತ್ತಿ ಇಳಿಯೋವಾಗ ಮಂಡಿ ಹಿಡ್ಕೊಂಡು ಶಿವಾ ಅಂತಾರೆ. ಜಿಟಿ ಮಾರಿದ ದುಡ್ಡಲ್ಲಿ ಬಾಗಿಲು ಎತ್ತರ ಇರೋ ಒಂದು ಹಳೇ ವ್ಯಾಗನ್‌ಆರ್, ಒಂದು ಸೆಕೆಂಡ್ ಹ್ಯಾಂಡ್ 350 ಸಿಸಿ ಬೈಕ್ ಎರಡೂ ಬರುತ್ತೆ, ವಿಚಾರಿಸಿ ನೋಡಿದ್ದೀವಿ. ಎರಡೂ ನಿಧಾನದ ಗಾಡಿ. ಅಣ್ಣನಿಗೆ ಈ ಪ್ಲಾನಲ್ಲಿ ಕಷ್ಟ ಆಗ್ತಿರೋದು ಒಂದೇ, ಆಫೀಸ್ ಪಾರ್ಕಿಂಗಲ್ಲಿ ವ್ಯಾಗನ್‌ಆರ್ ನಿಲ್ಲಿಸೋದು. ಆ ಕಷ್ಟಕ್ಕೆ ನನ್ನ ಹತ್ರ ಲೆಕ್ಕ ಇಲ್ಲ.

ನಮಗೆ ಇನ್ನು ಎರಡು ಮೂರು ವರ್ಷದಲ್ಲಿ ಸಂಬಳ ಬರುತ್ತೆ, ಬ್ಯಾಂಕಿನವರು ಲೋನ್ ಹಿಡ್ಕೊಂಡು ಬಾಗಿಲಿಗೆ ಬರ್ತಾರೆ. ಬ್ರೋಷರ್ ತೆಗೆಯೋ ಮೊದಲು ಒಂದು ಹಾಳೆ ತಗೊಳ್ಳಿ. ಗಾಡಿ ಯಾವ ರಸ್ತೆಯಲ್ಲಿ ಓಡುತ್ತೆ, ಅಲ್ಲಿ ಲಿಮಿಟ್ ಎಷ್ಟು, ಹಿಂದಿನ ಸೀಟಲ್ಲಿ ಯಾರು ಕೂರ್ತಾರೆ ಅಂತ ಬರೀರಿ. ನಮ್ಮ ಜಿಲ್ಲೆಯವರ ಹಾಳೆಯಲ್ಲಿ 140 ಅನ್ನೋ ನಂಬರಿಗೆ ಜಾಗ ಸಿಗುತ್ತೆ ಅಂತ ನನಗಂತೂ ಅನ್ಸಲ್ಲ. ನಿಮಗೆ ಸಿಕ್ಕಿದ್ರೆ ಮುಂದಿನ ಸಂಚಿಕೆಗೆ ಬರೆದು ಕಳಿಸಿ, ಜಗಳ ಮುಂದುವರಿಸೋಣ.