ಲಂಟಾನ ಕಿತ್ತ ಮೇಲೂ ಉಪಗ್ರಹದ ಕಣ್ಣಿರಲಿ

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸಂಶೋಧಕರು 1997ರಲ್ಲಿ ಪರಿಶೀಲಿಸಿದ ಜಾಗಗಳ ಪೈಕಿ ಸುಮಾರು ಶೇ 41ರಲ್ಲಿ ಲಂಟಾನ ಎಂಬ ಕಳೆ ಪೊದೆ ಇತ್ತು. 2008ರಲ್ಲಿ ಮತ್ತೆ ನೋಡಿದಾಗ ಅದು ಸುಮಾರು ಶೇ 81ಕ್ಕೆ ಏರಿತ್ತು. ಕಾಡಿನುದ್ದಕ್ಕೂ ನಡೆದು ಅಳೆಯುವ ಇಂಥ ಸಮೀಕ್ಷೆಯನ್ನು ಪ್ರತಿವರ್ಷ ಮಾಡುವುದು ಕಷ್ಟ. ಕಳೆಯಂತೂ ಒಂದು ಮಳೆಗಾಲವನ್ನೂ ಬಿಡದೆ ಹಬ್ಬುತ್ತದೆ.

ಉಪಗ್ರಹ ನೆರವಿಗೆ ಬರುವುದು ಇಲ್ಲೇ. ಯುರೋಪಿನ ಸೆಂಟಿನೆಲ್-2 ಜೋಡಿ ಉಪಗ್ರಹಗಳು 5 ದಿನಕ್ಕೊಮ್ಮೆ ಅದೇ ನೆಲದ ಚಿತ್ರ ತೆಗೆಯುತ್ತವೆ. ಆ ಚಿತ್ರಗಳು ಯಾರಿಗಾದರೂ ಉಚಿತ. ಈ ಉಪಗ್ರಹಗಳು ಬೆಳಕನ್ನು 13 ಪಟ್ಟಿಗಳಾಗಿ ಬಿಡಿಸಿ ನೋಡುತ್ತವೆ. ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಹಸಿರೆಲೆ ಹೇರಳವಾಗಿ ಹಿಂದಕ್ಕೆ ಎಸೆಯುತ್ತದೆ. ಎಷ್ಟು ಎಸೆಯುತ್ತದೆ ಎಂಬುದು ಎಲೆಯ ರಚನೆ, ನೀರಿನಂಶ, ಋತುವಿಗೆ ತಕ್ಕಂತೆ ಬದಲಾಗುತ್ತದೆ. ತೇಗ, ದಿಂಡಿಗ, ಮತ್ತಿ ಎಲೆಯುದುರಿಸುವ ಹೊತ್ತಿನಲ್ಲಿ ಕೆಳಗಿನ ಪೊದೆಗಳು ಇನ್ನೂ ಹಸಿರಾಗಿದ್ದರೆ, ಆ ಕೆಲವು ವಾರಗಳ ಚಿತ್ರಗಳಲ್ಲಿ ಕಳೆಯ ಜಾಡು ಸಿಗುತ್ತದೆ. ವಯನಾಡು, ನಾಗರಹೊಳೆಗಳಲ್ಲಿ ಹಬ್ಬಿರುವ ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಕಳೆಮರ ಇನ್ನೂ ಸುಲಭದ ಗುರಿ. ಅದರ ಹಳದಿ ಹೂ ಮರದ ನೆತ್ತಿಯನ್ನೇ ಮುಚ್ಚುವಾಗ ಡ್ರೋನ್ ಹಾರಿಸಿದರೆ ಒಂದೊಂದು ಮರವನ್ನೂ ಗುರುತಿಸಬಹುದು.

ಮಿತಿಗಳೂ ಇವೆ. ಸೆಂಟಿನೆಲ್ ಚಿತ್ರದ ಅತಿ ಚಿಕ್ಕ ಚುಕ್ಕೆಯೂ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲದ ಚೌಕ. ಹೊಸದಾಗಿ ಬೇರೂರಿದ ಒಂಟಿ ಪೊದೆ, ದಟ್ಟ ಮರಗಳಡಿಯ ಲಂಟಾನ ಅದರಲ್ಲಿ ಕಾಣುವುದಿಲ್ಲ. ನಕ್ಷೆ ಎಷ್ಟು ಸರಿ ಎಂದು ಕಾಡಿಗಿಳಿದು ನೋಡಲೇಬೇಕು. ಅದಕ್ಕೆ ಈ ಬೆಟ್ಟದ ಆದಿವಾಸಿಗಳಾದ ಸೋಲಿಗರಿಗಿಂತ ಬಲ್ಲವರು ಯಾರಿದ್ದಾರೆ? ತರಗು ಬೆಂಕಿ ಹಾಕುವುದನ್ನು ನಿಲ್ಲಿಸಿದ ಮೇಲೆ ಲಂಟಾನ ಹೆಚ್ಚಿತು ಎಂದು ಅವರು ದಶಕಗಳಿಂದ ಹೇಳುತ್ತಲೇ ಬಂದಿದ್ದಾರೆ. ಸಂಶೋಧಕರು ಆ ಮಾತಿಗೆ ಕಿವಿಗೊಟ್ಟಿದ್ದಾರೆ, ಆಡಳಿತವೂ ಕಿವಿಗೊಡಬೇಕು.

2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಸುಟ್ಟ ಪ್ರದೇಶವನ್ನು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಉಪಗ್ರಹ ಚಿತ್ರಗಳಿಂದಲೇ ಅಳೆಯಿತು. ಒಣಗಿದ ಲಂಟಾನ ಬೆಂಕಿಯನ್ನು ನೆಲದಿಂದ ಕೊಂಬೆಗೆ ಏರಿಸುತ್ತದೆ. ಬೂದಿಯನ್ನು ಅಳೆಯಬಲ್ಲ ತಂತ್ರಜ್ಞಾನ ಬೇಸಿಗೆಗೆ ಮುನ್ನ ಆ ಇಂಧನವನ್ನೂ ಅಳೆಯಲಿ.

ಇನ್ನು ಕೀಳುವ ವಿಷಯ. ಲಂಟಾನವನ್ನು ಬುಡಕ್ಕೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತವರ ತಂಡ ರೂಪಿಸಿದ ವಿಧಾನದಲ್ಲಿ ಮಣ್ಣಿನೊಳಗೆ ಬೇರನ್ನೇ ಕಡಿದು ಗಿಡವನ್ನು ತಲೆಕೆಳಗಾಗಿಸುತ್ತಾರೆ. ಅಷ್ಟಕ್ಕೇ ಕೆಲಸ ಮುಗಿಯದು. ಹಕ್ಕಿಗಳು ಬೀಜ ತರುತ್ತಲೇ ಇರುತ್ತವೆ, ಸಸಿ ಏಳುತ್ತಲೇ ಇರುತ್ತದೆ. ಮುಂದಿನ ಕೆಲವು ವರ್ಷ ಅವನ್ನು ಕೀಳದಿದ್ದರೆ, ಸ್ಥಳೀಯ ಹುಲ್ಲು ಬೆಳೆಸದಿದ್ದರೆ ಖರ್ಚೆಲ್ಲ ನೀರುಪಾಲು.

ಆದ್ದರಿಂದ ಪೊದೆ ತೆಗೆಯುವ ಮುನ್ನವೇ ಅರಣ್ಯ ಇಲಾಖೆ ಆ ಜಾಗದ ನಕ್ಷೆಯನ್ನು ಜನರ ಮುಂದಿಡಬೇಕು. ಹಳೆಯ ದಟ್ಟ ಪೊದೆಗಳಿಗಿಂತ ಮೊದಲು ಹೊಸದಾಗಿ ಹಬ್ಬುತ್ತಿರುವ ಅಂಚಿಗೆ ಕೈಹಾಕಬೇಕು. ನಕ್ಷೆ ತಾಳೆ ನೋಡುವ ಕೆಲಸ ಕೂಲಿ ಸಮೇತ ಸೋಲಿಗ ಯುವಕ ಯುವತಿಯರಿಗೆ ಸಿಗಬೇಕು. ಮೂರು ಮಳೆಗಾಲದ ನಂತರ ಅದೇ ಜಾಗದ ಹೊಸ ನಕ್ಷೆ ತೆಗೆದು, ಅದನ್ನು ನೋಡಿಯೇ ಕಾಮಗಾರಿಯ ಕೊನೆಯ ಕಂತು ಬಿಡುಗಡೆ ಮಾಡಬೇಕು.