ಎಲ್ಲಾ ಗೂಗಲ್‌ನಲ್ಲೇ ಸಿಗುತ್ತೆ ಅನ್ನೋ ಭಾವಂದಿರಿಗೆ...

ತುಂಬಾ ದಿನದಿಂದ ಬರೀಬೇಕು ಅಂದ್ಕೊಂಡು ಮುಂದೂಡ್ತಾ ಬಂದಿದ್ದೆ. ಮೊನ್ನೆ ಶನಿವಾರ ಕನ್ನಡ ಕೂಟದ ಊಟದಲ್ಲಿ ಹೋಳಿಗೆ ತಿನ್ನುತ್ತಾ ಒಂದು ಸಣ್ಣ ಜಗಳ ಆಯ್ತು. ಮನೆಗೆ ಬಂದ ಮೇಲೂ ತಲೆಯಿಂದ ಹೋಗಲಿಲ್ಲ. ಅಲ್ಲಿ ಹಿರಿಯರ ಮುಂದೆ ಗಟ್ಟಿಯಾಗಿ ಹೇಳೋಕಾಗದ್ದನ್ನ ಇಲ್ಲಿ ಬರೆದು ಹಗುರ ಆಗ್ತಿದ್ದೀನಿ.

ವಿಷಯ ಇಷ್ಟು. ನಮ್ಮ ದೊಡ್ಡಮ್ಮನ ಮಗಳು, ನಾನು ಅಕ್ಕ ಅಂತಲೇ ಕರೆಯೋದು, ಇಲ್ಲೇ ಜಾರ್ಜಿಯಾದಲ್ಲಿ ಅಟ್ಲಾಂಟಾ ಹತ್ತಿರ ಇದ್ದಾಳೆ. ಅವಳ ಮಗಳು ನಿಧಿ ಹತ್ತನೇ ಕ್ಲಾಸು. ಇಂಗ್ಲಿಷ್ ಮೇಡಂ ಚಿನುವಾ ಅಚಿಬೆಯ 'ಥಿಂಗ್ಸ್ ಫಾಲ್ ಅಪಾರ್ಟ್' ಓದಿಸಿದ್ದರು. 1958ರ ಕಾದಂಬರಿ, ನೈಜೀರಿಯಾದ ಇಗ್ಬೋ ಹಳ್ಳಿಯ ಕಥೆ. ಅದರ ಮೇಲೆ ಪ್ರಬಂಧ ಬರೀಬೇಕು, ಕನಿಷ್ಠ ಮೂರು ವಿಮರ್ಶಾ ಲೇಖನಗಳನ್ನ ಓದಿ, ಅವುಗಳ ಜೊತೆ ಒಪ್ಪಿಯೋ ಜಗಳಾಡಿಯೋ ಬರೀಬೇಕು. ನಿಧಿ ಫೋನ್ ಮಾಡಿ "ಮಾಮ, ಬುಕ್ ಚೆನ್ನಾಗಿಲ್ಲ ಅಂತ ಯಾರ್ಯಾರು ಬರ್ದಿದ್ದಾರೆ ಅಂತ ಹುಡುಕಬೇಕಾ?" ಅಂತ ಕೇಳಿದಳು. ಕ್ರಿಟಿಸಿಸಂ ಅಂದ್ರೆ ಬೈಯೋದು ಅಂತ ಅವಳ ತಿಳುವಳಿಕೆ. ನಗು ಬಂತು, ಆದ್ರೆ ನಮ್ಮಲ್ಲೂ ಟೀಕೆ ಅನ್ನೋ ಪದಕ್ಕೆ ಅದೇ ಗತಿ ಆಗಿದೆ ನೋಡಿ. ಹಿಂದೆ ಟೀಕೆ ಅಂದ್ರೆ ಮೂಲದ ಅರ್ಥ ಬಿಡಿಸಿ ಹೇಳೋ ವ್ಯಾಖ್ಯಾನ. ಈಗ ಟಿವಿಯಲ್ಲಿ ಒಬ್ಬ ರಾಜಕಾರಣಿ ಇನ್ನೊಬ್ಬನಿಗೆ ಮಾಡೋದು.

ಆವತ್ತು ನನಗೆ ಆಫೀಸಿನಲ್ಲಿ ರಿಲೀಸ್ ಇತ್ತು. "ಚಾಟ್‌ಬಾಟ್ ಕೇಳು ಪುಟ್ಟಿ, ಲಿಸ್ಟ್ ಕೊಡುತ್ತೆ" ಅಂದುಬಿಟ್ಟೆ. ಹೌದು, ಅಂದವನು ನಾನೇ. ಮೊದಲೇ ಒಪ್ಕೋತೀನಿ.

ಅದು ಲಿಸ್ಟ್ ಕೊಟ್ಟಿತು. ಐದು ಲೇಖನ, ಲೇಖಕರ ಹೆಸರು, ಪತ್ರಿಕೆ, ಸಂಪುಟ, ಪುಟಸಂಖ್ಯೆ ಎಲ್ಲಾ ಜೋಡಿಸಿಕೊಂಡು. ಪ್ರತಿಯೊಂದರಿಂದ ಎರಡೆರಡು ಸಾಲಿನ ಉಲ್ಲೇಖ ಬೇರೆ. ನಿಧಿ ಹಾಕಿದಳು. ಮೇಡಂ ಒಂದೊಂದನ್ನೇ ಹುಡುಕಿದ್ದಾರೆ. ಪತ್ರಿಕೆಗಳು ನಿಜ, ವಿಮರ್ಶಕರೂ ನಿಜ, ಮೂರು ಲೇಖನ ಮಾತ್ರ ಭೂಮಿ ಮೇಲೇ ಇಲ್ಲ! ಸೊನ್ನೆ ಅಂಕ. ಒಂದು ವಾರದಲ್ಲಿ ಮತ್ತೆ ಬರೆದು ಕೊಟ್ಟರೆ ಅರ್ಧ ಅಂಕದ ಮೇಲೆ ಲೆಕ್ಕ, ಇನ್ನೊಮ್ಮೆ ಹೀಗಾದ್ರೆ ಶಾಲೆಯ ದಾಖಲೆಗೆ ಹೋಗುತ್ತೆ ಅಂತ ಮನೆಗೆ ಪತ್ರ. ಹುಡುಗಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ. "ನಾನು ಚೀಟ್ ಮಾಡಿಲ್ಲ ಮಾಮ, ಅದೆಲ್ಲಾ ನಿಜ ಅಂದ್ಕೊಂಡಿದ್ದೆ" ಅಂತ ಅತ್ತಳು. ಅವಳು ಹೇಳಿದ್ದು ನಿಜ. ಸುಳ್ಳು ಯಾವುದು ಅಂತ ಪತ್ತೆ ಹಚ್ಚೋದನ್ನ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸಾಫ್ಟ್‌ವೇರ್ ಎಂಜಿನಿಯರ್ ಮಾಮನೂ ಹೇಳಿಕೊಟ್ಟಿರಲಿಲ್ಲ.

ಮಾರನೇ ಶನಿವಾರ ಅವಳನ್ನ ಕರ್ಕೊಂಡು ಕೌಂಟಿ ಲೈಬ್ರರಿಗೆ ಹೋದೆ. ಈ ದೇಶಕ್ಕೆ ಬಂದು ಐದು ವರ್ಷ ಆಯ್ತು, ಅಲ್ಲಿಗೆ ಹೋಗಿದ್ದು ಎರಡು ಸಲ, ಎರಡೂ ಸಲ ಪ್ರಿಂಟ್ ತೆಗೆಯೋಕೆ. ಅಲ್ಲಿನ ಲೈಬ್ರರಿಯನ್, ನಮ್ಮಮ್ಮನ ವಯಸ್ಸಿನವರು, ಕಾರ್ಡ್ ನಂಬರ್ ಹಾಕಿದ್ರೆ ಮನೆಯಿಂದಲೇ ತೆರೆಯೋ ಡೇಟಾಬೇಸುಗಳ ಪಟ್ಟಿ ತೋರಿಸಿದರು. ಬರೀ ಸಾಹಿತ್ಯ ವಿಮರ್ಶೆಗೇ ಅಂತ ಇರೋವು, ಎಲ್ಲಾ ವಿಷಯಗಳ ವಿದ್ವತ್ ಪತ್ರಿಕೆಗಳಿರೋವು, ವಿಶ್ವಕೋಶಗಳು. ಜಾರ್ಜಿಯಾ ರಾಜ್ಯದ್ದೇ ಒಂದು ವ್ಯವಸ್ಥೆ ಇದೆ, ಹೆಸರು ಗೆಲಿಲಿಯೋ. 1995ರಲ್ಲಿ ಶುರುವಾಗಿದ್ದು, ಶಾಲೆ, ಕಾಲೇಜು, ಸಾರ್ವಜನಿಕ ಗ್ರಂಥಾಲಯ ಎಲ್ಲಕ್ಕೂ ಸೇರಿ ರಾಜ್ಯವೇ ಡೇಟಾಬೇಸ್ ಕೊಂಡು ಹಂಚುತ್ತೆ. ನಿಧಿಯ ಶಾಲೆಗೂ ಅದು ಬರುತ್ತೆ. ಅವಳಿಗೆ ಗೊತ್ತೇ ಇರಲಿಲ್ಲ. ಅಕ್ಕನಿಗೂ, ಭಾವನಿಗೂ, ನನಗೂ. ಮೂರು ಎಂಜಿನಿಯರಿಂಗ್ ಡಿಗ್ರಿ ಇರೋ ಕುಟುಂಬ ಸ್ವಾಮಿ!

ಸರಿ, ನಿಧಿ ಕೂತು ಕಾದಂಬರಿಯ ಹೆಸರು ಟೈಪ್ ಮಾಡಿದಳು. ಬಂತು ನೋಡಿ ಪ್ರವಾಹ. ಆ ಮೂರೂ ಪದ ಇಂಗ್ಲಿಷಿನಲ್ಲಿ ಎಲ್ಲಿ ಬೇಕಾದ್ರೂ ಬರೋವೇ. ಉದ್ಧರಣ ಚಿಹ್ನೆಯೊಳಗೆ ಹಾಕು ಅಂದರು ಲೈಬ್ರರಿಯನ್. ಕಮ್ಮಿಯಾಯ್ತು, ಆದ್ರೆ ಈಗ ಯೇಟ್ಸ್ ಕವಿಯ ಬಗ್ಗೆ ಲೇಖನಗಳು! ಅಚಿಬೆ ಹೆಸರನ್ನ ಎತ್ತಿಕೊಂಡಿದ್ದೇ ಯೇಟ್ಸನ ಒಂದು ಪದ್ಯದಿಂದ. ಹಾಗಾಗಿ ಜೊತೆಗೆ 'ಆಂಡ್ ಅಚಿಬೆ' ಹಾಕಬೇಕಾಯ್ತು. ಆಮೇಲೂ ನೂರಾರು. ಆಗ ಆಕೆ ಕೀಬೋರ್ಡ್ ಮೇಲಿಂದ ನಿಧಿಯ ಕೈ ತೆಗೆಸಿ, "ನಿನಗೆ ಈ ಪುಸ್ತಕದಲ್ಲಿ ಕಿರಿಕಿರಿ ಆಗಿದ್ದು ಯಾವುದು?" ಅಂತ ಕೇಳಿದರು.

ನಿಧಿ ಸುಮಾರು ಹೊತ್ತು ಸುಮ್ಮನಿದ್ದಳು. ಆಮೇಲೆ "ಒಕೊಂಕ್ವೋ ಹೆಂಡತಿಯರನ್ನ ಹೊಡೀತಾನೆ, ಆದ್ರೂ ಕೊನೇಲಿ ಅವನ ಬಗ್ಗೆ ನನಗೆ ಪಾಪ ಅನ್ಸುತ್ತೆ. ಯಾಕೆ ಅನ್ಸಬೇಕು?" ಅಂದಳು.

ಅಲ್ಲಿಂದ ಹುಡುಕಾಟ ಶುರುವಾಯ್ತು. ಒಕೊಂಕ್ವೋ ಆಂಡ್ ಗಂಡಸುತನ. ಗಂಡಸುತನಕ್ಕೆ ಇಂಗ್ಲಿಷಿನಲ್ಲಿ ಇರೋ ಎರಡು ಮೂರು ಪದಗಳನ್ನ 'ಆರ್' ಹಾಕಿ ಬ್ರ್ಯಾಕೆಟ್ಟಿನಲ್ಲಿ ಸೇರಿಸೋದು. ದುರಂತ ನಾಯಕ ಅನ್ನೋದನ್ನ ಬೇರೆಯಾಗಿ. ಮೂರನೇ ಸೆಮಿಸ್ಟರಿನಲ್ಲಿ ಬೂಲಿಯನ್ ಆಲ್ಜಿಬ್ರಾ ಉರು ಹೊಡೆದು ಪಾಸಾದ ನನಗೆ, ಅದನ್ನ ಒಂದು ಕಾದಂಬರಿ ಅರ್ಥ ಮಾಡ್ಕೊಳ್ಳೋಕೂ ಬಳಸ್ತಾರೆ ಅಂತ ಗೊತ್ತಾಗೋಕೆ ಇಪ್ಪತ್ತೆಂಟು ವರ್ಷ ಆಗಬೇಕಾಯ್ತು :)

ಇನ್ನೊಂದು ಮಾತು. ನಾನು ಜಾಣತನ ತೋರಿಸೋಕೆ 'ಪಿಯರ್ ರಿವ್ಯೂಡ್' ಅನ್ನೋ ಫಿಲ್ಟರ್ ಒತ್ತಿಸಿದೆ. ಬಂದ ಮೊದಲ ಲೇಖನ ನನಗೇ ಒಂದು ಪ್ಯಾರಾ ಅರ್ಥ ಆಗಲಿಲ್ಲ, ಹದಿನೈದರ ಹುಡುಗಿಗೆ ಹೇಗಾಗಬೇಕು? ಲೈಬ್ರರಿಯನ್ ನಕ್ಕು ಅದನ್ನ ತೆಗೆಸಿದರು. ಮೊದಲು ಒಂದು ಪರಿಚಯ ಲೇಖನ ಓದು, ಅದರ ಕೊನೆಯಲ್ಲಿ ಯಾರ್ಯಾರ ಹೆಸರಿದೆ ನೋಡು, ಎರಡು ಮೂರು ಕಡೆ ಬಂದ ಹೆಸರನ್ನ ಹಿಡಿದು ಮುಂದೆ ಹೋಗು. ಸಾರಾಂಶ ಓದದೆ ಪೂರ್ತಿ ಲೇಖನ ಇಳಿಸ್ಕೋಬೇಡ. ಸೈಟೇಷನ್ ಬಟನ್ ಒತ್ತಿದರೆ ಬರೋದನ್ನ ಕಣ್ಣುಮುಚ್ಚಿ ಅಂಟಿಸಬೇಡ, ಶೀರ್ಷಿಕೆ ಕೆಲವು ಸಲ ಪೂರಾ ದೊಡ್ಡಕ್ಷರದಲ್ಲಿ ಬರುತ್ತೆ. ಅವತ್ತು ಮೂರು ಗಂಟೆ ಹಿಡೀತು. ಅದರಲ್ಲಿ ಸಿಕ್ಕ ಮುತ್ತು ಅಂದ್ರೆ ಅಚಿಬೆಯೇ ಬರೆದ ವಿಮರ್ಶೆ. 1975ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಆತ ಮಾಡಿದ ಭಾಷಣ, 1977ರಲ್ಲಿ ಮ್ಯಾಸಚೂಸೆಟ್ಸ್ ರಿವ್ಯೂನಲ್ಲಿ ಅಚ್ಚಾಯ್ತು. ಕಾನ್ರಾಡ್‌ನ 'ಹಾರ್ಟ್ ಆಫ್ ಡಾರ್ಕ್‌ನೆಸ್' ಆಫ್ರಿಕಾದವರನ್ನ ಮನುಷ್ಯರಾಗಿ ನೋಡೋದೇ ಇಲ್ಲ ಅಂತ ಆತನ ವಾದ. ನಿಧಿ ಅಲ್ಲೇ ಕೂತು ಪೂರ್ತಿ ಓದಿದಳು. "ಮಾಮ, ಇವರು ಬೈತಿದ್ದಾರೆ, ಆದ್ರೆ ಪುಟ ತೋರ್ಸಿ ಬೈತಿದ್ದಾರೆ" ಅಂದಳು. ವಿಮರ್ಶೆ ಅಂದ್ರೇನು ಅಂತ ನಾನು ಇಷ್ಟು ಚೆನ್ನಾಗಿ ಹೇಳ್ತಿರಲಿಲ್ಲ.

ಈಗ ಕೂಟದ ಜಗಳಕ್ಕೆ ಬರ್ತೀನಿ. ಈ ಕಥೆ ಹೇಳಿದ್ದಕ್ಕೆ ಭಾವ, ಜೊತೆಗೆ ಇನ್ನೂ ಮೂರು ನಾಲ್ಕು ಜನ, ಎಲ್ಲಾ ನಮ್ಮ ಫೀಲ್ಡಿನವರೇ, ನಕ್ಕರು. "ಮೂರು ಗಂಟೆನಾ? ಲಿಟರೇಚರ್ ಪೇಪರಿಗೆ? ಆ ಟೈಮಲ್ಲಿ ಒಂದು ಎಸ್‌ಎಟಿ ಮಾಕ್ ಟೆಸ್ಟ್ ಮುಗೀತಿತ್ತು." "ಇನ್ನೆರಡು ವರ್ಷಕ್ಕೆ ಎಐ ಸರಿಯಾದ ರೆಫರೆನ್ಸ್ ಕೊಡುತ್ತಪ್ಪ, ಅಲ್ಲೀವರೆಗೂ ಗೂಗಲ್‌ನಲ್ಲಿ ಎಲ್ಲಾ ಸಿಗುತ್ತೆ." "ಲೈಬ್ರರಿ ಈಗ ಯಾರಿಗ್ರೀ ಬೇಕು?"

ಸಿಗಲ್ಲ ಭಾವ. ಗೂಗಲ್‌ನಲ್ಲಿ ಸಿಗೋದು ಲೇಖನದ ಮೊದಲ ಪುಟ ಮತ್ತು ದುಡ್ಡು ಕೇಳೋ ಗುಂಡಿ. ಅದರ ಮೇಲೆ ಮೇಲೆ ತೇಲೋದು ಕಥಾಸಾರದ ಸೈಟುಗಳು. ಆ ಗುಂಡಿಯ ಹಿಂದಿನ ದುಡ್ಡನ್ನ ಲೈಬ್ರರಿ ಆಗಲೇ ಕಟ್ಟಿದೆ, ನಿಮ್ಮ ಮನೆಯ ಪ್ರಾಪರ್ಟಿ ಟ್ಯಾಕ್ಸೂ ಅದರಲ್ಲಿದೆ. ಕಟ್ಟಿದ ದುಡ್ಡಿಗೆ ಅಂಗಡಿಯಿಂದ ಸಾಮಾನು ತರದೇ ಬರೋ ಮನುಷ್ಯರಾ ನೀವು? ಕೂಪನ್ ಮರೆತಿದ್ದಕ್ಕೆ ಕಾರು ತಿರುಗಿಸಿಕೊಂಡು ಹೋಗಿದ್ದನ್ನ ನಾನೇ ನೋಡಿದ್ದೀನಿ.

ಎಐ ಸರಿಯಾಗುತ್ತೆ ಅಂದಿರಿ. ಆಗಬಹುದು. ನಾಳೆ ಅದು ಕೊಡೋ ಐದೂ ಲೇಖನ ನಿಜವಾಗಿರಬಹುದು. ಆದ್ರೆ "ನಿನಗೆ ಕಿರಿಕಿರಿ ಆಗಿದ್ದು ಯಾವುದು" ಅಂತ ಕೇಳಿದಾಗ ನಿಧಿ ಸುಮ್ಮನೆ ಕೂತಿದ್ದಳಲ್ಲ, ಆ ಹೊತ್ತನ್ನ ನೀವು ಎಲ್ಲಿಂದ ಡೌನ್‌ಲೋಡ್ ಮಾಡ್ತೀರಿ? ನಾವು ಇಂಟರ್‌ವ್ಯೂನಲ್ಲಿ ಹುಡುಗರನ್ನ ರಿಜೆಕ್ಟ್ ಮಾಡೋದು ಯಾತಕ್ಕೆ? ಪ್ರಾಬ್ಲಂ ಏನು ಅಂತ ಕೇಳದೇ ಕೋಡ್ ಬರೆಯೋಕೆ ಶುರು ಮಾಡಿದ ಅಂತ. ಮನೆಯಲ್ಲಿ ಮಕ್ಕಳಿಗೆ ಅದನ್ನೇ ಕಲಿಸ್ತಿದ್ದೀವಿ.

ಇನ್ನು ಲೈಬ್ರರಿ ಯಾರಿಗೆ ಬೇಕು ಅನ್ನೋದು. 2025ರ ಮಾರ್ಚ್ 14ರಂದು ಇಲ್ಲಿನ ಅಧ್ಯಕ್ಷರು ಗ್ರಂಥಾಲಯ ಮತ್ತು ಮ್ಯೂಸಿಯಂಗಳ ಒಕ್ಕೂಟ ಸಂಸ್ಥೆಯನ್ನ ಕಾನೂನು ಬಿಟ್ಟಷ್ಟೂ ಕುಗ್ಗಿಸಿ ಅಂತ ಆದೇಶ ಹೊರಡಿಸಿದರು. ರಾಜ್ಯಗಳ ಗ್ರಂಥಾಲಯ ಸೇವೆಗಳಿಗೆ ಅನುದಾನ ಹೋಗೋದು ಅಲ್ಲಿಂದ. ಆಮೇಲೆ ಕೋರ್ಟು ಕೇಸು ಎಲ್ಲಾ ಆಯ್ತು. ನಮ್ಮ ಕೂಟದ ವಾಟ್ಸಾಪ್ ಗುಂಪಿನಲ್ಲಿ ಆ ವಾರ ಚರ್ಚೆಯಾಗಿದ್ದು ಬೆಂಗಳೂರು ತಂಡದ ಐಪಿಎಲ್ ಮಾತ್ರ. ನನಗೆ ಎಚ್-1ಬಿ, ವೋಟಿಲ್ಲ. ನಿಮ್ಮಲ್ಲಿ ಅರ್ಧ ಜನಕ್ಕೆ ಇದೆ.

ಡೇಟಾಬೇಸ್ ಕಂಪನಿಗಳು ಸಾಧುಗಳು ಅಂತ ನಾನು ಹೇಳ್ತಿಲ್ಲ. ಜ್ಞಾನಕ್ಕೆ ಬೀಗ ಹಾಕಿ ಮಾರೋದು ನನಗೂ ಹಿಡಿಸಲ್ಲ. ಜೆಸ್ಟೋರ್‌ನಿಂದ ಲಕ್ಷಾಂತರ ಲೇಖನ ಇಳಿಸಿಕೊಂಡ ಅಂತ 2011ರಲ್ಲಿ ಆರನ್ ಸ್ವಾರ್ಟ್ಜ್‌ನನ್ನ ಬಂಧಿಸಿದರು, 2013ರ ಜನವರಿಯಲ್ಲಿ ಆತ ಪ್ರಾಣ ಕಳ್ಕೊಂಡ. ಆಗ ವಯಸ್ಸು 26, ನನಗಿಂತ ಚಿಕ್ಕವನು. ಅವನ ಫೋಟೋ ಲ್ಯಾಪ್‌ಟಾಪ್ ಮೇಲೆ ಅಂಟಿಸಿಕೊಂಡು ಓಪನ್ ಆಕ್ಸೆಸ್ ಭಾಷಣ ಬಿಗಿಯೋ ನಮ್ಮಂಥವರಿಗೆ, ಈಗಾಗಲೇ ತೆರೆದಿರೋ ಬಾಗಿಲಿನ ಒಳಗೆ ಪಕ್ಕದ ಮನೆ ಹುಡುಗಿಯನ್ನ ಕರ್ಕೊಂಡು ಹೋಗೋಕೆ ಒಂದು ಶನಿವಾರ ಸಿಗಲ್ಲ. ಇದು ನನಗೇ ಹೇಳ್ಕೋತಿರೋದು.

ನಿಜವಾಗಿ ಹೊಟ್ಟೆ ಉರಿದಿದ್ದು ಆಮೇಲೆ. ಪ್ರಬಂಧ ಮುಗಿದ ಮೇಲೆ ನಿಧಿಗೆ ಒಂದು ಹುಚ್ಚು ಹತ್ತಿತು. ಅಕ್ಕನ ಮನೆಯಲ್ಲಿ ರಾಮಾನುಜನ್ ಇಂಗ್ಲಿಷಿಗೆ ತಂದ 'ಸಂಸ್ಕಾರ' ಇದೆ, 1976ರಲ್ಲಿ ಬಂದದ್ದು. "ಇದೂ ಅದೇ ಥರ ಅಲ್ವಾ, ಊರೇ ಕುಸಿಯೋದು?" ಅಂತ ಡೇಟಾಬೇಸಿನಲ್ಲಿ ಹುಡುಕಿದಳು. ಬರೀ ಸಂಸ್ಕಾರ ಅಂದ್ರೆ ಉಪನಯನ, ಶ್ರಾದ್ಧದ ಬಗ್ಗೆ ಲೇಖನ ಬಂದವು. ಲೇಖಕರ ಹೆಸರು ಸೇರಿಸು ಅಂದೆ. ಅನಂತಮೂರ್ತಿ ಅನ್ನೋದನ್ನ ಒಂದೇ ಪದವಾಗಿ, ಎರಡು ಪದವಾಗಿ, 'ಎಚ್' ಇಟ್ಟು, ಬಿಟ್ಟು ಇಂಗ್ಲಿಷಿನಲ್ಲಿ ಬೇರೆ ಬೇರೆ ಥರ ಬರೆದಿದ್ದಾರೆ, ಒಂದೊಂದಕ್ಕೂ ಒಂದೊಂದು ಫಲಿತಾಂಶ. ಕೊನೆಗೆ ಒಳ್ಳೊಳ್ಳೆ ಲೇಖನಗಳು ಸಿಕ್ಕವು. ಎಲ್ಲಾ ಇಂಗ್ಲಿಷು.

"ಕನ್ನಡದಲ್ಲಿ ಇದರ ಬಗ್ಗೆ ಯಾರೂ ಬರ್ದಿಲ್ವಾ ಮಾಮ?"

ಏನು ಹೇಳ್ಲಿ? 1965ರಿಂದ ಅದರ ಮೇಲೆ ಕನ್ನಡದಲ್ಲಿ ಆದಷ್ಟು ಜಗಳ ಇನ್ಯಾವುದರ ಮೇಲಾದರೂ ಆಗಿದೆಯಾ? ಕುರ್ತಕೋಟಿ, ಆಮೂರ, ಗಿರಡ್ಡಿ, ಡಿ.ಆರ್. ನಾಗರಾಜ್, ಇಂಥವರೆಲ್ಲಾ ವಿಮರ್ಶೆ ಬರೆದ ಭಾಷೆ ಇದು. 1919ರಲ್ಲಿ ಶುರುವಾದ ಪ್ರಬುದ್ಧ ಕರ್ನಾಟಕ ಇದೆ, ಅಡಿಗರ ಸಾಕ್ಷಿ ಇತ್ತು, ಸಂಕ್ರಮಣ ಇತ್ತು. ಆದ್ರೆ ಯಾವ ಸಂಚಿಕೆಯ ಯಾವ ಪುಟದಲ್ಲಿ ಯಾವ ಕಾದಂಬರಿಯ ಬಗ್ಗೆ ಯಾರು ಬರೆದರು ಅಂತ ಒಂದು ಪೆಟ್ಟಿಗೆಯಲ್ಲಿ ಟೈಪ್ ಮಾಡಿ ತಿಳಿಯೋ ದಾರಿ ಹೈಸ್ಕೂಲ್ ಹುಡುಗಿಗೆ ಎಲ್ಲಿದೆ? ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ವಯಂಸೇವಕರು ಸ್ಕ್ಯಾನ್ ಮಾಡಿ ಹಾಕಿದ ಪುಸ್ತಕಗಳಿವೆ, ಅವರಿಗೆ ಕೈ ಮುಗೀಬೇಕು. ಶೋಧಗಂಗಾದಲ್ಲಿ ಕನ್ನಡ ಪಿಎಚ್‌ಡಿ ಪ್ರಬಂಧಗಳಿವೆ. ಆದ್ರೆ ಎಷ್ಟೋ ಫೈಲುಗಳು ಬರೀ ಚಿತ್ರ. ಇನ್ನೆಷ್ಟೋ ಯೂನಿಕೋಡ್‌ಗೆ ಮೊದಲಿನ ಫಾಂಟುಗಳಲ್ಲಿ ಟೈಪ್ ಮಾಡಿದವು, ನೋಡೋಕೆ ಕನ್ನಡ, ಕಾಪಿ ಮಾಡಿದರೆ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ. ಸರ್ಚ್ ಎಂಜಿನ್ ಕಣ್ಣಿಗೆ ಅದು ಕನ್ನಡವೇ ಅಲ್ಲ. ಇದು ಸಾಹಿತಿಗಳ ಸಮಸ್ಯೆ ಅಲ್ಲ, ನಮ್ಮ ಕಸುಬಿನವರು ಕೂತು ಬಗೆಹರಿಸಬಹುದಾದ ಸಮಸ್ಯೆ.

ಊರಲ್ಲಿ ದುಡ್ಡಿಲ್ಲ ಅಂತೀರಾ? 1965ರ ಕಾಯ್ದೆ ಪ್ರಕಾರ ಕರ್ನಾಟಕದಲ್ಲಿ ಆಸ್ತಿ ತೆರಿಗೆಯ ಜೊತೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ವಸೂಲಿ ಮಾಡ್ತಾರೆ. ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಅಂತ ಮೂರು ವರ್ಷಕ್ಕೆ 6,000 ಕೋಟಿ ಒಪ್ಪಿತು, 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು. ಒಳ್ಳೇದೇ. ಆದ್ರೆ ಅದು ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ. ಹಾಸನದ ಸರ್ಕಾರಿ ಪಿಯು ಕಾಲೇಜಿನ ಹುಡುಗನಿಗೆ ಇಲ್ಲ. ಅವನಿಗೆ ನಾನು ಓದುವಾಗ ಇದ್ದ ಅದೇ ಗೈಡು. "ಈ ಪಾತ್ರದ ಗುಣಸ್ವಭಾವವನ್ನು ವಿವರಿಸಿ, 4 ಅಂಕ." ಉತ್ತರವೂ ಅದರಲ್ಲೇ ಅಚ್ಚಾಗಿರುತ್ತೆ. ಚಾಟ್‌ಬಾಟ್ ಬರೋಕೆ ಎಷ್ಟೋ ಮೊದಲೇ ನಮ್ಮಲ್ಲಿ ಗೈಡಿತ್ತು ನೋಡಿ. ನಿಧಿಯಂಥವರು ಕಾಲಿಡೋ ಮನೆಗೆ ಬಾಗಿಲಾದರೂ ಇದೆ, ತಟ್ಟಲಿಲ್ಲ ಅಷ್ಟೇ. ಅವನಿಗೆ ಬರೀ ಗೋಡೆ.

ಕೂಟದಲ್ಲಿ ಇಷ್ಟೆಲ್ಲಾ ಹೇಳೋಕೆ ಹೋದೆ. ಭಾವ "ಸರಿ ಸರಿ, ಮೊದ್ಲು ಹೋಳಿಗೆ ತಿನ್ನಪ್ಪ, ತಣ್ಣಗಾಗುತ್ತೆ" ಅಂದರು. ಮುಂದಿನ ತಿಂಗಳಿಂದ ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಲೈಬ್ರರಿಯಲ್ಲಿ ಕೂರ್ತೀನಿ, ಹೈಸ್ಕೂಲ್ ಮಕ್ಕಳು ಯಾರಿಗೆ ಬೇಕೋ ಬರಲಿ ಅಂತ ಹೇಳಿ ಬಂದಿದ್ದೀನಿ. ಇಲ್ಲೀವರೆಗೆ ಹೆಸರು ಕೊಟ್ಟಿರೋದು ಇಬ್ಬರು. ಒಬ್ಬಳು ನಿಧಿ.

ಅಂದ ಹಾಗೆ ಅಪ್ಪನಿಗೆ ಫೋನ್ ಮಾಡಿದ್ದೆ. ಹಾಸನದ ಮನೆ ಅಟ್ಟದ ಮೇಲೆ ಅವರ ಕಾಲದ ಸಾಹಿತ್ಯ ಪತ್ರಿಕೆಗಳ ಕಟ್ಟು ಇದೆ, ಸಂಸ್ಕಾರದ ಬಗ್ಗೆ ಏನಾದ್ರೂ ಇದ್ರೆ ಕಳಿಸಿ ಅಂತ. "ಇಷ್ಟು ವರ್ಷಕ್ಕೆ ಒಬ್ರು ಕೇಳಿದ್ರಲ್ಲಪ್ಪ" ಅಂದರು. ನಿನ್ನೆ ರಾತ್ರಿ ವಾಟ್ಸಾಪಿನಲ್ಲಿ ಹದಿನಾಲ್ಕು ಪುಟದ ಫೋಟೋ ಬಂದಿದೆ. ನಾಲ್ಕನೇ ಪುಟ, ಒಂಬತ್ತನೇ ಪುಟ ಮಸುಕಾಗಿದೆ, ಇನ್ನೊಮ್ಮೆ ತೆಗೀರಿ ಅಂತ ಹೇಳ್ಬೇಕು. ನಿಧಿಗೆ ಕನ್ನಡ ಓದೋಕೆ ಇನ್ನೂ ನಿಧಾನ, ಭಾನುವಾರ ಜೊತೆಗೆ ಕೂತು ಓದೋದು ಅಂತಾಗಿದೆ.