ಕೋಟಿ ರೂಪಾಯಿ ಬೋಟು ಮತ್ತ ನಮ್ಮ ಹೊಳಿ

ನಮ್ಮ ಹುಡುಗ್ರ ಮೊಬೈಲ್‌ದಾಗ ಬುಲೆಟ್ ಮುಗದು, ಕಾರ ಮುಗದು, ಈಗ ಬೋಟಿಗೆ ಬಂದೈತ್ರಿ. ಬಿಳೇ ಬೋಟು, ಒಳಗ ಸೋಫಾ, ಫ್ರಿಜ್ಜು, ಮಲಗೂ ಖೋಲಿ. ನೀರಾಗ ನೊರಿ ಹಾರಿಸ್ಕೋತ ಹೊಂಟಿರತೈತಿ. ಕೆಳಗ ಕಿಮ್ಮತ್ತ ಬರದಿರತಾರ, ಕೋಟಿ ಲೆಕ್ಕದಾಗ. ನಮ್ಮ ವೈನಿ ಅದನ್ನ ನೋಡಿ, "ಅಷ್ಟ ರೊಕ್ಕ ಕೊಡುವಂಥಾದ್ದು ಅದರಾಗ ಏನೈತವಾ?" ಅಂತ ಕೇಳಿದ್ರು. ಚೊಲೊ ಪ್ರಶ್ನೆ. ನಕ್ಕ ಬಿಟ್ಟಬಿಡುವಂಥಾದ್ದಲ್ಲ. ನನ್ನ ಅಭಿಪ್ರಾಯ ಮೊದಲ ಹೇಳಿಬಿಡತೀನಿ: ತಗೊಂಡವ್ರೊಳಗ ಭಾಳ ಮಂದಿಗೆ ಆ ರೊಕ್ಕ ವಸೂಲ ಆಗೂದಿಲ್ಲ. ಯಾಕಂತ ಹೇಳತೀನಿ, ಕೇಳ್ರಿ.

ಮೊದಲ ಅವರ ಕಡಿ ಮಾತು. ಸಮುದ್ರದ ಉಪ್ಪು ನೀರು ಭಾಳ ಕೆಟ್ಟದ್ರಿ. ಮನ್ಯಾಗಿನ ಸ್ಟೀಲ್ ಡಬ್ಬಿಯಂಥಾ ಸ್ಟೀಲ್ ಅಲ್ಲಿ ತಾಳೂದಿಲ್ಲ, 316 ಅನ್ನೂ ಬ್ಯಾರೆ ನಮೂನಿ ಸ್ಟೀಲ್ ಬೇಕು. ನಡು ಸಮುದ್ರದಾಗ ಎಂಜಿನ್ ಬಂದ್ ಬಿದ್ರ ಮೆಕ್ಯಾನಿಕ್ ಬರೂದಿಲ್ಲ, ಅದಕ್ಕ ಭಾಳ ಬೋಟಿಗೆ ಎರಡೆರಡು ಎಂಜಿನ್ ಇರತಾವ. ಫೈಬರ್ ಮೈಯಿಗೆ ಪದರ ಮ್ಯಾಲ ಪದರ ಕೈಲೆನ ಹಾಕೂ ಕೆಲಸಾನೂ ಐತಿ. ಇಷ್ಟಕ್ಕ ರೊಕ್ಕ ಬೀಳೂದು ನ್ಯಾಯನ. ಅದರ ಮ್ಯಾಲಿಂದು ಸೋಫಾದ ಚರ್ಮ, ಮತ್ತ ಹೆಸರು.

ಈಗ ನಮ್ಮ ಅಡಗಿಮನಿ ಲೆಕ್ಕ ಮಾಡೂಣು. ಹೌಸಿ ಬೋಟಿನ ಮ್ಯಾಲ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 40 ಪರ್ಸೆಂಟ್ ಆಗೇತಿ. ಅದ ದಿವಸ ನಮ್ಮ ಟ್ರ್ಯಾಕ್ಟರಿಂದು 12ರಿಂದ 5ಕ್ಕ ಇಳೀತು. ಸರಕಾರನೂ ಯಾವುದು ಕೆಲಸದ್ದು, ಯಾವುದು ಹೌಸಿಂದು ಅಂತ ಗೆರಿ ಹಾಕೇತಿ ನೋಡ್ರಿ. ಬೋಟಿನ ಮೂಲ ಬೆಲಿ 1 ಕೋಟಿ ಹಿಡೀರಿ, ತೆರಿಗಿ ಸೇರಿ 1 ಕೋಟಿ 40 ಲಕ್ಷ. ಬೋಟ ಇಟ್ಟವ್ರು ಹೇಳೂ ಸಾಮಾನ್ಯ ಲೆಕ್ಕದಾಗ ನಿಲ್ಲಸೂ ಜಾಗಾ, ವಿಮಾ, ರಿಪೇರಿ ಎಲ್ಲಾ ಸೇರಿ ವರ್ಷಕ್ಕ ಬೆಲಿಯ ಹತ್ತ ಪರ್ಸೆಂಟ್ ಹೊಕ್ಕೈತಿ. ಅಂದ್ರ 14 ಲಕ್ಷ. ಅದ ರೊಕ್ಕ ಬ್ಯಾಂಕಿನಾಗ ಇಟ್ಟಿದ್ರ 7 ಪರ್ಸೆಂಟಿನಂಗ 9 ಲಕ್ಷ 80 ಸಾವಿರ ಬಡ್ಡಿ ಬರತಿತ್ತು, ಅದೂ ಹೋತು. ಎರಡೂ ಕೂಡಿ 23 ಲಕ್ಷ 80 ಸಾವಿರ. ವರ್ಷದಾಗ 30 ದಿವಸ ನಡಿಸಿದ್ರ ದಿನಾ ಒಂದಕ್ಕ 79 ಸಾವಿರದ ಮ್ಯಾಲ ಬಿತ್ತು! ಎಣ್ಣಿ ಬ್ಯಾರೆ, ಡ್ರೈವರ್ ಬ್ಯಾರೆ, ಹಳೇದಾದಂಗ ಬೆಲಿ ಇಳಿಯೂದು ಬ್ಯಾರೆ.

ಮದವಿಗೊಂದು ಭಾರಿ ಸೀರಿ ತಗೊಂಡು ಒಮ್ಮೆ ಉಟ್ಟು ಟ್ರಂಕಿನಾಗ ಇಡತೀವಲ್ಲ, ಅದರ ಅಣ್ಣ ಇದು. ಸೀರಿಗೆ ದಿನಾ ಮೇವ ಹಾಕೂದಿಲ್ಲ, ಬೋಟಿಗೆ ಹಾಕಬೇಕು.

"ಹಳೇ ಬೋಟು ಬೆಲಿ ಏರತಾವ" ಅಂತಾನೂ ಹುಡುಗ್ರು ಹೇಳತಾವ. ಖರೇ, ಇಟಲಿಯೊಳಗ 1962ರಿಂದ 1996ರತನ ಮಾಡಿದ ರೀವಾ ಅಕ್ವಾರಾಮಾ ಅನ್ನೂ ಕಟಗಿ ಬೋಟಿಗೆ ಇವತ್ತೂ ಹೌಸಿ ಮಂದಿ ಕಿಮ್ಮತ್ತ ಕೊಡತಾರ. ಆದ್ರ ಅವು ಎಣಿಸಿದಷ್ಟ ಅದಾವ, ಇನ್ನ ಮ್ಯಾಲ ಮಾಡೂದಿಲ್ಲ. ಕಾರ್ಖಾನ್ಯಾಗ ವರ್ಷಾ ವರ್ಷಾ ಹೊಸಾದು ಬರೂ ಬೋಟಿಗೆ ಆ ನಸೀಬ ಎಲ್ಲಿಂದ ಬರಬೇಕು?

ಹೆಸರಿನ ಕಿಮ್ಮತ್ತು ಏನಂತ ನಮ್ಮ ಕಡೆ ಮಂದಿಗೆ ಹೇಳಿಕೊಡೂದ ಬ್ಯಾಡ. 2025ರ ಜೂನ್‌ದಾಗ ಪ್ರಾಡಾ ಅನ್ನೂ ಇಟಲಿ ಕಂಪನಿ ಮಿಲಾನದಾಗ ಕೊಲ್ಹಾಪುರಿಯಂಥಾ ಚಪ್ಪಲಿ ಹಾಕಿಸಿ ಮಂದಿನ್ನ ನಡಿಸ್ತು. ಬೆಲಿ ಲಕ್ಷದ ಮ್ಯಾಲ ಅಂತ ಪೇಪರ್‌ದಾಗ ಬಂತು. ಅಥಣಿ, ನಿಪ್ಪಾಣಿ ಕಡೆ ಮನಿಮನ್ಯಾಗ ಹೆಣ್ಣಮಕ್ಕಳು ಕುಂತು ಚರ್ಮದ ಎಳಿ ಹೆಣದು ಮಾಡೂ ಚಪ್ಪಲಿ ಅದು. 2019ರಾಗ ಸಿಕ್ಕ ಜಿಐ ಗುರುತಿನಾಗ ಬೆಳಗಾವಿ ಜಿಲ್ಲಾನೂ ಐತಿ. ಕಾಲಿಗೆ ಹಾಕ್ಕೊಂಡ್ರ ಎರಡೂ ಚಪ್ಪಲೀನ. ನಡುವಿನ ರೊಕ್ಕ ಹೆಸರಿಂದು. ಬೋಟಿನಾಗೂ ಹಂಗ.

ಇನ್ನ ನಮ್ಮ ಹೊಳಿಗೆ ಬರೂಣು. ರೊಕ್ಕ ಇದ್ದವ್ರು ಕೃಷ್ಣಾದಾಗ ಬೋಟ ಬಿಡಬಹುದಲ್ಲ ಅಂತ ಯಾರರ ಅಂದ್ರ, 2019 ನೆನಪ ಮಾಡ್ಕೋರಿ. ಆ ವರ್ಷ ಬ್ಯಾಸಗ್ಯಾಗ ಹೊಳಿ ಬತ್ತಿ, ಕೊಯ್ನಾದಿಂದ ನೀರ ಬಿಡ್ರಿ ಅಂತ ಮಹಾರಾಷ್ಟ್ರಕ್ಕ ಕೈ ಮುಗಿಯೂ ಪಾಳಿ ಬಂತು. ಅದ ವರ್ಷ ಆಗಸ್ಟದಾಗ ಅದ ಹೊಳಿ ಊರ ಒಳಗ ಬಂತು. ಬತ್ತಿದಾಗ ಬೋಟಿಗೆ ನೀರಿಲ್ಲ, ತುಂಬಿದಾಗ ಹೌಸಿಗೆ ಜೀವಾ ಇಲ್ಲ. ನಡುವಿನ ತಿಂಗಳದಾಗರ ಹೋಗೂಣು ಅಂದ್ರ ಕಲ್ಲೋಳ-ಯಡೂರಿನಂಥಾ ಬಂದಾರ ಅಡ್ಡ ನಿಂತಾವ. ಕೊಲ್ಹಾಪುರ ನಮೂನಿ ಬಂದಾರಕ್ಕ ಮಳಿ ಮುಗದ ಮ್ಯಾಲ ಫಳಿ ಹಾಕತಾರ, ಮಳಿ ಮುಂದ ತಗೀತಾರ. ಅದನ್ನ ದಾಟಿ ಬೋಟ ಹೋಗೂದಿಲ್ಲ.

ಹಂಗಾರ ನಮ್ಮ ಕಡೆ ಬೋಟ ಬ್ಯಾಡೇನು? ಬೇಕ ಬೇಕು! ಇಲ್ಲೇ ನನ್ನ ಖರೇ ಮಾತ ಐತಿ.

2005, 2019, 2021, ಈ ಮೂರು ಮಹಾಪೂರದಾಗ ನಮ್ಮ ಮಂದಿನ್ನ ಹೊರಗ ತಂದಿದ್ದು ಸೋಫಾ ಬೋಟಲ್ಲ. ಗಾಳಿ ತುಂಬೂ ರಬ್ಬರ್ ಬೋಟು, ಹಿಂದ ಒಂದ ಎಂಜಿನ್ನು, ಇಲ್ಲಾ ಹಳೇ ನಾವಿ. ರಬ್ಬರ್ ಬೋಟು ಮೊಣಕಾಲ ನೀರಾಗೂ ತೇಲತೈತಿ, ಮುಳುಗಿದ ಕಬ್ಬಿನ ಗದ್ದಿ ಮ್ಯಾಲೂ ಬರತೈತಿ. ಕೋಟಿ ಬೋಟಿನ ಹೊಟ್ಟಿ ಆಳ, ಮುಳುಗಿದ ಬೇಲಿ ತಂತಿಗೆ ಸಿಕ್ಕ ನಿಲ್ಲತೈತಿ. ಅಂದ ಮ್ಯಾಲ ಕಿಮ್ಮತ್ತು ಹೆಚ್ಚಾದ್ರ ಉಪಯೋಗ ಹೆಚ್ಚು ಅನ್ನೂದು ಇಲ್ಲಿ ಪೂರಾ ಉಲ್ಟಾ.

ಪೂರ ಬಂದಾಗ ಮೊದಲ ಎಬ್ಬಸೂದು ಯಾರನ್ನ, ಅತ್ತಿನ್ನ ಹ್ಯಾಂಗ ಎತ್ತೂದು, ಎಮ್ಮಿ ದಾವಣಿ ಯಾರು ಬಿಚ್ಚೂದು, ಅದೆಲ್ಲಾ ನಮ್ಮ ಹೆಣ್ಣಮಕ್ಕಳ ಪಾಲಿಗೇ ಬರೂದು. ಎಮ್ಮಿ ಬಿಟ್ಟ ನಾ ಬರೂದಿಲ್ಲ ಅಂತ ಕುಂತ ಮುದುಕ್ಯಾರನ್ನ ನಾವೆಲ್ಲಾ ನೋಡೇವಿ. ಅದಕ್ಕ ಬೋಟಿನ ಮಾತ ಗಂಡಸರ ಕಟ್ಟಿ ಮ್ಯಾಲಿನ ಹರಟಿ ಅಂತ ಬಿಡಬ್ಯಾಡ್ರಿ.

"ದುಡ್ಡಿದ್ದವ ತಗೋತಾನ, ನಿನಗೇನ ಹೊಟ್ಟಿಕಿಚ್ಚ?" ಅಂದ್ರ, ಹೊಟ್ಟಿಕಿಚ್ಚಲ್ಲ. ಗೋವಾ, ಮುಂಬೈದಾಗ ದಿನಾ ನಡಸೂವಂಥವ ತಗೋಳ್ಳಿ, ಅವನ ರೊಕ್ಕ. ಹೌಸಿ ಇದ್ದವ್ರು ತಾಸಿನ ಲೆಕ್ಕದಾಗ ಬಾಡಗಿ ಬೋಟಿನಾಗ ಹೋಗಿ ಬರಲಿ, ಗಾಳಿ ಒಂದ ಐತಿ. ನನ್ನ ಚಿಂತಿ ನಮ್ಮ ಹುಡುಗ್ರದ್ದು. ಕಬ್ಬಿನ ಬಿಲ್ಲ ಬರೂಕಿಂತ ಮೊದಲ ಕಂತ ಹಾಕಿ ದೊಡ್ಡ ಗಾಡಿ ತರೂ ಚಟಾನೂ ಇಂಥಾ ವಿಡಿಯೋದಿಂದನ ಬೆಳೀತೈತಿ. ಬೋಟ ಯಾರೂ ತರೂದಿಲ್ಲ, ಬೋಟಿನ ಮನಸ ತರತಾರ.

ಅದಕ್ಕ ಎರಡ ಮಾತ. ಮನ್ಯಾಗ ಏನ ತಗೊಂಡ್ರೂ ವರ್ಷಕ್ಕ ಎಷ್ಟ ದಿವಸ ಉಪಯೋಗ, ದಿವಸಕ್ಕ ಎಷ್ಟ ಬಿತ್ತು ಅಂತ ಹುಡುಗ್ರ ಕೈಲೇ ಲೆಕ್ಕಾ ಮಾಡಸ್ರಿ. ಎರಡನೇದ್ದು, ಹೊಳಿ ದಂಡಿ ಊರಾಗಿನವ್ರು ಬರೂ ಗ್ರಾಮಸಭಾಕ್ಕ ನೀವೂ ಹೋಗ್ರಿ. ನಮ್ಮೂರಿಗೆ ಬೋಟು ಎಲ್ಲೈತಿ, ಲೈಫ್ ಜಾಕೀಟು ಎಷ್ಟ ಅದಾವ, ಸಣ್ಣ ಹುಡುಗ್ರ ಅಳತೀದು ಅದಾವೇನು, ಎಂಜಿನ್ ತಿಂಗಳಿಗೊಮ್ಮೆ ಚಾಲೂ ಮಾಡತೀರೇನು ಅಂತ ಕೇಳ್ರಿ. ವರ್ಷಾನಗಟ್ಟಲೆ ನಿಂತ ಎಂಜಿನ್ನಿನಾಗ ಎಣ್ಣಿ ಅಂಟಾಗಿ ಕುಂದರತೈತಿ, ಬೇಕಾದಾಗ ಚಾಲೂ ಆಗೂದಿಲ್ಲ. ಮಿಕ್ಸರ್ ಇಟ್ಟವ್ರಿಗೆ ಇದು ತಿಳೀದ ಮಾತೇನ್ರಿ? ಮಿರಗ ಬರೂಕಿಂತ ಮೊದಲ ಕೇಳ್ರಿ, ಮತ್ತ ಉತ್ತರ ಬರೂತನ ಕುಂದರ್ರಿ.